ಕಿಡ್ನಿಯಲ್ಲಿ ಸಿಸ್ಟ್ ಕಂಡರೆ ಮೊದಲು ನೋಡಬೇಕಾದ್ದು ಗಾತ್ರವನ್ನಲ್ಲ

ಪಿತ್ತಕೋಶದಲ್ಲಿ ಕಲ್ಲು ಇದೆಯಾ ಅಂತ ನೋಡಲು ಸ್ಕ್ಯಾನಿಂಗ್‌ಗೆ ಹೋಗಿರುತ್ತಾರೆ. ಇಲ್ಲವೇ ಸುಮ್ನೆ ಒಂದು ಹೆಲ್ತ್ ಚೆಕಪ್ ಮಾಡಿಸಿರುತ್ತಾರೆ. ರಿಪೋರ್ಟಿನಲ್ಲಿ ಯಾರೂ ಹುಡುಕದೇ ಇದ್ದ ಒಂದು ಸಾಲು ಇರುತ್ತದೆ: ‘ಬಲ ಕಿಡ್ನಿಯ ಮೇಲ್ತುದಿಯಲ್ಲಿ 32 ಮಿ.ಮೀ. ಅಳತೆಯ ಸಿಂಪಲ್ ಕಾರ್ಟಿಕಲ್ ಸಿಸ್ಟ್’. ಡಾಕ್ಟರು ‘ಇದೇನೂ ತೊಂದರೆಯಿಲ್ಲ’ ಎಂದು ಹೇಳಿ ಮುಂದಿನ ಸಾಲಿಗೆ ಹೋಗುತ್ತಾರೆ. ಮನೆಗೆ ಬಂದವರಿಗೆ ಮಾತ್ರ ನಿದ್ದೆ ಬರುವುದಿಲ್ಲ. ಕಿಡ್ನಿಯಲ್ಲಿ ಮೂರು ಸೆಂಟಿಮೀಟರಿನ ಗುಳ್ಳೆ ಇದೆ ಅಂದಮೇಲೆ ತೊಂದರೆಯಿಲ್ಲ ಅನ್ನುವುದು ಹೇಗೆ?

ಡಾಕ್ಟರು ಹೇಳಿದ್ದು ಬಹುತೇಕ ಸರಿಯೇ. ಆದರೆ ಅದು ಯಾಕೆ ಸರಿ ಎಂದು ಬಿಡಿಸಿ ಹೇಳಲು ಅವರಿಗೆ ಸಮಯ ಸಿಕ್ಕಿರುವುದಿಲ್ಲ. ಕಾರಣ ತಿಳಿದರೆ ಭಯ ಅರ್ಧ ಇಳಿಯುತ್ತದೆ. ನಿಜಕ್ಕೂ ಗಮನ ಕೊಡಬೇಕಾದ ಸಿಸ್ಟ್ ಯಾವುದು ಅನ್ನುವುದೂ ಗೊತ್ತಾಗುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮಿಲಿಮೀಟರ್ ಲೆಕ್ಕದ ಮೇಲೆ. ಕಿಡ್ನಿಯ ಸಿಸ್ಟ್ ಅಪಾಯದ್ದೋ ಅಲ್ಲವೋ ಎಂದು ಹೇಳುವ ಶಕ್ತಿ ಆ ಅಂಕಿಗೆ ಬಹಳ ಕಡಿಮೆ. ಅದರ ಗೋಡೆ ಹೇಗಿದೆ, ಒಳಗೆ ಏನಿದೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ಗುಳ್ಳೆ ಬರುವುದು ಎಲ್ಲಿಂದ?

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿಗೂ ರಕ್ತ ಸೋಸುವ ಒಂದು ಸಣ್ಣ ಜಾಲರಿ, ಅದಕ್ಕೆ ಅಂಟಿಕೊಂಡಂತೆ ಉದ್ದದ, ಕೂದಲಿಗಿಂತ ತೆಳುವಾದ ಒಂದು ನಳಿಕೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಈ ಜಾಲರಿಗಳಲ್ಲಿ ಸೋಸಿ ಬರುತ್ತದೆ. ನಳಿಕೆಗಳು ಅದರಲ್ಲಿ ಬಹುಪಾಲನ್ನು ರಕ್ತಕ್ಕೆ ವಾಪಸ್ ಕೊಡುತ್ತವೆ. ಕೊನೆಗೆ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ.

ಇಂಥ ಯಾವುದೋ ಒಂದು ನಳಿಕೆಯ ಗೋಡೆ ಒಂದು ಜಾಗದಲ್ಲಿ ಸಡಿಲವಾಗಿ ಹೊರಕ್ಕೆ ಉಬ್ಬುತ್ತದೆ. ಉಬ್ಬಿದ ಭಾಗದಲ್ಲಿ ದ್ರವ ನಿಲ್ಲುತ್ತದೆ. ನಿಧಾನವಾಗಿ ಅದು ನಳಿಕೆಯಿಂದ ಬೇರೆಯಾಗಿ, ಸುತ್ತಲೂ ಮುಚ್ಚಿದ ಗುಳ್ಳೆಯಾಗುತ್ತದೆ. ಒಳಗೋಡೆಯ ಜೀವಕೋಶಗಳು ಸ್ವಲ್ಪ ಸ್ವಲ್ಪವೇ ದ್ರವ ಒಸರುತ್ತಿರುತ್ತವೆ. ಹಾಗಾಗಿ ಗುಳ್ಳೆ ವರ್ಷಗಳ ಕಾಲ ನಿಧಾನಕ್ಕೆ ದೊಡ್ಡದಾಗುತ್ತದೆ. ಒಳಗಿರುವುದು ತಿಳಿಯಾದ, ತೆಳು ಹಳದಿ ಬಣ್ಣದ ದ್ರವ. ಅದು ಕೀವೂ ಅಲ್ಲ, ಕಟ್ಟಿಕೊಂಡ ಮೂತ್ರವೂ ಅಲ್ಲ. ಗೋಡೆ ಎಷ್ಟು ತೆಳು ಅಂದರೆ, ಒಳಗಿನ ಪದರ ಒಂದೇ ಸಾಲು ಜೀವಕೋಶಗಳದ್ದು.

ರಿಪೋರ್ಟಿನ ‘ಕಾರ್ಟಿಕಲ್’ ಅನ್ನುವುದು ಜಾಗವನ್ನು ಹೇಳುತ್ತದೆ. ಕಿಡ್ನಿಯ ಹೊರಪದರದಲ್ಲಿದೆ ಅಂತ ಅಷ್ಟೇ. ‘ಎಕ್ಸೋಫೈಟಿಕ್’ ಅಂತ ಬರೆದಿದ್ದರೆ ಕಿಡ್ನಿಯ ಅಂಚಿನಿಂದ ಹೊರಗೆ ಚಾಚಿಕೊಂಡಿದೆ ಎಂದರ್ಥ. ಎರಡರಲ್ಲೂ ಹೆದರುವಂಥದ್ದು ಏನಿಲ್ಲ.

ವಯಸ್ಸಿಗೂ ಇದಕ್ಕೂ ನೇರ ನಂಟಿದೆ. 30 ವರ್ಷದೊಳಗಿನವರಲ್ಲಿ ಇದು ಅಪರೂಪ. 50 ದಾಟಿದವರ ಶವಪರೀಕ್ಷೆಗಳಲ್ಲಿ ನೋಡಿದಾಗ ಸುಮಾರು ಅರ್ಧದಷ್ಟು ಜನರ ಕಿಡ್ನಿಯಲ್ಲಿ ಕನಿಷ್ಠ ಒಂದಾದರೂ ಸಿಸ್ಟ್ ಸಿಕ್ಕಿದೆ. ಅವರಲ್ಲಿ ಹೆಚ್ಚಿನವರಿಗೆ ಬದುಕಿರುವಾಗ ಅದು ಇದ್ದದ್ದೇ ಗೊತ್ತಿರಲಿಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಇದು ಜಾಸ್ತಿ. ವಯಸ್ಸಾದ ಹಾಗೆ ಕೂದಲು ನರೆಯುವ ಹಾಗೆ, ಕಿಡ್ನಿಯೂ ವಯಸ್ಸಿನ ಗುರುತನ್ನು ಹೀಗೆ ತೋರಿಸುತ್ತದೆ. ಈಗ ಇದು ಎಲ್ಲೆಲ್ಲೂ ಕೇಳಿಬರುತ್ತಿರುವುದಕ್ಕೆ ದೊಡ್ಡ ಕಾರಣ, ಸ್ಕ್ಯಾನಿಂಗ್ ಮಾಡಿಸುವುದು ಜಾಸ್ತಿಯಾಗಿರುವುದು. ಮೊದಲೂ ಇತ್ತು, ಕಾಣುತ್ತಿರಲಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸಿಸ್ಟ್ ಬೇರೆ, ಕಿಡ್ನಿ ಕಲ್ಲು ಬೇರೆ. ಕಲ್ಲು ಅಂದರೆ ಮೂತ್ರದಲ್ಲಿರುವ ಲವಣ ಗಟ್ಟಿಯಾಗಿ ಕೂತದ್ದು. ಅದು ಮೂತ್ರದ ದಾರಿಯಲ್ಲಿರುತ್ತದೆ. ನೀರು ಜಾಸ್ತಿ ಕುಡಿದರೆ ಸಣ್ಣ ಕಲ್ಲು ಜಾರಿ ಹೋಗಬಹುದು. ಸಿಂಪಲ್ ಸಿಸ್ಟಿಗೂ ಮೂತ್ರದ ದಾರಿಗೂ ಸಂಪರ್ಕವೇ ಇಲ್ಲ. ಎಷ್ಟು ನೀರು ಕುಡಿದರೂ ಅದು ಕರಗುವುದಿಲ್ಲ, ಕಡಿಮೆ ಕುಡಿದದ್ದರಿಂದ ಬಂದದ್ದೂ ಅಲ್ಲ. ಸಿಸ್ಟ್ ಕರಗಿಸುತ್ತೇವೆ ಎಂದು ಕಷಾಯ, ಪುಡಿ, ಮಾತ್ರೆ ಮಾರುವವರ ಮಾತನ್ನು ದಯವಿಟ್ಟು ನಂಬಬೇಡಿ. ಏನೂ ಕೆಡುಕು ಮಾಡದ ಗುಳ್ಳೆಯೊಂದನ್ನು ಕರಗಿಸಲು ಹೋಗಿ, ಚೆನ್ನಾಗಿ ಕೆಲಸ ಮಾಡುತ್ತಿರುವ ಕಿಡ್ನಿಗೆ ಪೆಟ್ಟು ಕೊಡುವಂಥ ಪದಾರ್ಥವನ್ನು ಹೊಟ್ಟೆಗೆ ಹಾಕಿಕೊಳ್ಳುವುದು ನನಗಂತೂ ತುಂಬ ಸಂಕಟ ತರುವ ವಿಷಯ.

ಕಿಡ್ನಿ ಫೇಲ್ ಆಗುತ್ತಾ ಅನ್ನುವುದು ಮುಂದಿನ ಪ್ರಶ್ನೆ. ಒಂದೆರಡು ಸಿಂಪಲ್ ಸಿಸ್ಟ್‌ಗಳಿಂದ ಹಾಗಾಗುವುದಿಲ್ಲ. ಉಳಿದ ಲಕ್ಷಾಂತರ ನೆಫ್ರಾನ್‌ಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ) ಜಾಸ್ತಿಯಾಗಿದ್ದರೆ ಅದಕ್ಕೆ ಸಕ್ಕರೆ ಕಾಯಿಲೆ, ಬಿಪಿ, ನೋವಿನ ಮಾತ್ರೆ, ಹೀಗೆ ಬೇರೆ ಕಾರಣ ಹುಡುಕಬೇಕು. ಸಿಸ್ಟಿನ ಮೇಲೆ ಭಾರ ಹಾಕಿ ಸುಮ್ಮನಾದರೆ ನಿಜವಾದ ಕಾಯಿಲೆ ತಪ್ಪಿಹೋಗುತ್ತದೆ.

ಸ್ಕ್ಯಾನಿಂಗ್ ನೋಡಿ ಇದು ಸಾದಾ ಸಿಸ್ಟ್ ಅಂತ ಹೇಗೆ ಹೇಳುತ್ತಾರೆ?

ಸೂಜಿ ಚುಚ್ಚಿ ದ್ರವ ತೆಗೆದು ನೋಡದೆ, ಬರೀ ಚಿತ್ರ ನೋಡಿ ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತಾರೆ ಎಂದು ಅನುಮಾನ ಬರುವುದು ಸಹಜ. ಅದಕ್ಕೆ ಒಳ್ಳೆಯ ಉತ್ತರವಿದೆ.

ಅಲ್ಟ್ರಾಸೌಂಡ್ ಯಂತ್ರ ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಒಳಗೆ ಕಳಿಸುತ್ತದೆ. ಬೇರೆ ಬೇರೆ ಬಗೆಯ ಅಂಗಾಂಶಗಳು ಕೂಡುವ ಕಡೆಗಳಲ್ಲಿ ಅಲೆಯ ಒಂದು ಪಾಲು ವಾಪಸ್ ಬರುತ್ತದೆ. ಹಾಗೆ ವಾಪಸ್ ಬಂದದ್ದರಿಂದ ಚಿತ್ರ ಮೂಡುತ್ತದೆ. ತಿಳಿಯಾದ ದ್ರವದೊಳಗೆ ಅಲೆ ತಾಗಿ ಮರಳುವುದಕ್ಕೆ ಏನೂ ಇಲ್ಲ. ಹಾಗಾಗಿ ಸಿಸ್ಟ್ ಪರದೆಯ ಮೇಲೆ ಪೂರ್ತಿ ಕಪ್ಪಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ‘ಅನೆಕೋಯಿಕ್’ ಅಂತ ಬರೆಯುವುದು ಇದನ್ನೇ. ಎರಡನೆಯದು ಗೋಡೆ. ಅದು ನುಣುಪಾಗಿ, ದುಂಡಗೆ, ದಪ್ಪವೇ ಇಲ್ಲವೇನೋ ಅನ್ನುವಷ್ಟು ತೆಳುವಾಗಿರಬೇಕು. ಮೂರನೆಯದು ನನಗೆ ಬಹಳ ಇಷ್ಟವಾದದ್ದು: ಸಿಸ್ಟಿನ ಹಿಂದಿನ ಭಾಗ ಸುತ್ತಲಿನ ಜಾಗಕ್ಕಿಂತ ಬೆಳ್ಳಗೆ ಹೊಳೆಯಬೇಕು. ಗಟ್ಟಿ ಅಂಗಾಂಶದಲ್ಲಿ ಸಾಗುವ ಅಲೆ ದಾರಿಯಲ್ಲೇ ಬಲ ಕಳೆದುಕೊಳ್ಳುತ್ತದೆ, ದ್ರವದಲ್ಲಿ ಹಾಗೆ ಕಳೆದುಕೊಳ್ಳುವುದಿಲ್ಲ. ಸಿಸ್ಟನ್ನು ದಾಟಿ ಬಂದ ಅಲೆಯಲ್ಲಿ ಇನ್ನೂ ಬಲವಿರುವುದರಿಂದ ಹಿಂದಿನ ಭಾಗದಿಂದ ಜೋರಾದ ಪ್ರತಿಧ್ವನಿ ಬರುತ್ತದೆ. ಒಳಗಿರುವುದು ದ್ರವವೇ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಈ ಮೂರೂ ಸೇರಿದರೆ ಮುಗಿಯಿತು. ಸಿಟಿ ಬೇಡ, ಎಂಆರ್‌ಐ ಬೇಡ, ಸೂಜಿ ಬೇಡ. ‘ಯಾವುದಕ್ಕೂ ಇರಲಿ’ ಅಂತ ಸಿಟಿ ಮಾಡಿಸಿಕೊಂಡರೆ ವಿಕಿರಣ ಮೈಗೆ ತಾಗುತ್ತದೆ, ಹೊಸದಾಗಿ ಏನೂ ತಿಳಿಯುವುದಿಲ್ಲ.

ಮೂರರಲ್ಲಿ ಒಂದು ತಪ್ಪಿದರೂ ಮಾತು ಬೇರೆ. ಒಳಗೆ ಪರದೆಯಂಥ ಗೆರೆಗಳಿದ್ದರೆ, ಗೋಡೆ ದಪ್ಪವಾಗಿದ್ದರೆ, ಗಟ್ಟಿ ಗಂಟಿನ ಥರ ಏನಾದರೂ ಕಂಡರೆ, ಕ್ಯಾಲ್ಸಿಯಂ ಕೂತಿದ್ದರೆ, ಅಥವಾ ಹೊಟ್ಟೆಯ ಗ್ಯಾಸ್ ಅಡ್ಡ ಬಂದು ಸರಿಯಾಗಿ ಕಾಣದಿದ್ದರೆ ಸಿಟಿ ಇಲ್ಲವೇ ಎಂಆರ್‌ಐ ಬೇಕಾಗುತ್ತದೆ. ಸಿಟಿಯಲ್ಲಿ ಸಿಸ್ಟಿನೊಳಗೆ ಇರುವುದು ಎಷ್ಟು ಸಾಂದ್ರವಾಗಿದೆ ಎಂದು ಅಂಕಿಯಲ್ಲೇ ಅಳೆಯಬಹುದು. ಈ ಅಳತೆಗೆ ಸಿಟಿ ಯಂತ್ರ ರೂಪಿಸಿ 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರಿದೆ. ನೀರಿಗೆ 0, ಗಾಳಿಗೆ ಮೈನಸ್ 1000. ಸಾದಾ ಸಿಸ್ಟಿನ ಅಂಕಿ ನೀರಿನ ಹತ್ತಿರವೇ, 20ರೊಳಗೆ ಇರುತ್ತದೆ.

ಆದರೆ ನಿರ್ಣಾಯಕ ಪರೀಕ್ಷೆ ಬೇರೆಯದು. ಒಮ್ಮೆ ಹಾಗೆಯೇ ಸಿಟಿ ತೆಗೆಯುತ್ತಾರೆ. ಆಮೇಲೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಇನ್ನೊಮ್ಮೆ ತೆಗೆಯುತ್ತಾರೆ. ಗಡ್ಡೆಯಲ್ಲಿ ರಕ್ತನಾಳಗಳಿರುತ್ತವೆ, ಆದ್ದರಿಂದ ಔಷಧ ಅಲ್ಲಿಗೆ ತಲುಪಿ ಅಂಕಿ ಏರುತ್ತದೆ. ಬರೀ ದ್ರವದಲ್ಲಿ ರಕ್ತ ಹರಿಯುವುದಿಲ್ಲ, ಅಂಕಿ ಏರುವುದಿಲ್ಲ. 20ಕ್ಕಿಂತ ಜಾಸ್ತಿ ಏರಿದರೆ ಅಲ್ಲಿ ಜೀವಂತ ಅಂಗಾಂಶ ಇದೆ ಎಂದು ಲೆಕ್ಕ. ಕಿಡ್ನಿಯ ಶಕ್ತಿ ಕಡಿಮೆಯಾದವರಿಗೆ, ಔಷಧದ ಅಲರ್ಜಿ ಇರುವವರಿಗೆ ಕಾಂಟ್ರಾಸ್ಟ್ ಕೊಡುವ ಮುಂಚೆ ಯೋಚಿಸುತ್ತಾರೆ; ಅದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು ರಿಪೋರ್ಟಿನಲ್ಲಿ ಆಗಾಗ ಬರುತ್ತದೆ: ‘ತೀರಾ ಚಿಕ್ಕದಾದ್ದರಿಂದ ಏನೆಂದು ನಿಖರವಾಗಿ ಹೇಳಲಾಗದು’. ಇದನ್ನು ಓದಿ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಒಂದು ಸೆಂಟಿಮೀಟರಿಗಿಂತ ಬಹಳ ಚಿಕ್ಕದಾದ ಗುಳ್ಳೆಯನ್ನು ಅಳೆಯುವಾಗ ಪಕ್ಕದ ಕಿಡ್ನಿಯ ಅಂಗಾಂಶವೂ ಲೆಕ್ಕದಲ್ಲಿ ಸೇರಿಹೋಗುತ್ತದೆ. ಅಂಕಿ ನಂಬುವಂತಿರುವುದಿಲ್ಲ. ಅದನ್ನೇ ಪ್ರಾಮಾಣಿಕವಾಗಿ ಬರೆದಿರುತ್ತಾರೆ. ಅಂಥವುಗಳಲ್ಲಿ ಹೆಚ್ಚಿನವು ಸಾದಾ ಸಿಸ್ಟ್‌ಗಳೇ.

ಬೋಸ್ನಿಯಾಕ್ ಅಂಕಿಯನ್ನು ಓದುವುದು ಹೇಗೆ?

ಸಿಸ್ಟ್‌ಗಳನ್ನು ಅಪಾಯದ ಪ್ರಕಾರ ವಿಂಗಡಿಸುವ ಪದ್ಧತಿಯನ್ನು 1986ರಲ್ಲಿ ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ ಮುಂದಿಟ್ಟರು. ಆಗ ದೊಡ್ಡ ಸಮಸ್ಯೆಯೊಂದಿತ್ತು. ಸಿಟಿ ಸ್ಕ್ಯಾನ್‌ಗಳಲ್ಲಿ ಥರಾವರಿ ಸಿಸ್ಟ್‌ಗಳು ಕಾಣತೊಡಗಿದ್ದವು. ಯಾವುದನ್ನು ಆಪರೇಷನ್ ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲು ಎಲ್ಲರಿಗೂ ಒಂದೇ ಅಳತೆಗೋಲು ಇರಲಿಲ್ಲ. ಅವರ ಪದ್ಧತಿ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. 2019ರಲ್ಲಿ ಅದನ್ನು ಪರಿಷ್ಕರಿಸಿ, ಎಂಆರ್‌ಐಗೂ ಹೊಂದುವ ಹಾಗೆ ಮಾಡಿದ್ದಾರೆ.

ಅಂಕಿಗಳು ರೋಮನ್ ಲಿಪಿಯಲ್ಲಿರುತ್ತವೆ. ಒಂದು ಅಂದರೆ ಸಾದಾ ಸಿಸ್ಟ್: ಗೋಡೆ 2 ಮಿ.ಮೀ. ಮೀರಿರುವುದಿಲ್ಲ, ಒಳಗೆ ಪರದೆ ಇಲ್ಲ, ಕ್ಯಾಲ್ಸಿಯಂ ಇಲ್ಲ. ಎರಡು ಅಂದರೆ ಒಂದರಿಂದ ಮೂರು ತೆಳು ಪರದೆಗಳು ಇರಬಹುದು, ಕ್ಯಾಲ್ಸಿಯಂ ಇರಬಹುದು, ಇದೂ ನಿರಪಾಯಕಾರಿ. ಈ ಎರಡಕ್ಕೂ ಮತ್ತೆ ಮತ್ತೆ ಸ್ಕ್ಯಾನಿಂಗ್ ಬೇಕಿಲ್ಲ.

ಎರಡು-ಎಫ್ (ಎಫ್ ಅಂದರೆ ಫಾಲೋ-ಅಪ್) ಅನ್ನುವುದು ಆಮೇಲೆ ಸೇರಿದ ಗುಂಪು. ಪರದೆಗಳು ನಾಲ್ಕು ಅಥವಾ ಜಾಸ್ತಿ ಇರುತ್ತವೆ, ಇಲ್ಲವೇ ಗೋಡೆ 3 ಮಿ.ಮೀ.ಯಷ್ಟು ದಪ್ಪಗಾಗಿರುತ್ತದೆ. ಕ್ಯಾನ್ಸರ್ ಅನ್ನುವ ಹಾಗಿಲ್ಲ, ಪೂರ್ತಿ ಕೈಬಿಡುವ ಹಾಗೂ ಇಲ್ಲ. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಅಂತ ಐದು ವರ್ಷ ನೋಡುತ್ತಾರೆ. ಹೆಚ್ಚಿನವು ಹಾಗೆಯೇ ಉಳಿದುಬಿಡುತ್ತವೆ. ಮೂರನೇ ಗುಂಪಿನಲ್ಲಿ ಗೋಡೆ ಅಥವಾ ಪರದೆ 4 ಮಿ.ಮೀ. ಇಲ್ಲವೇ ಅದಕ್ಕೂ ಹೆಚ್ಚು ದಪ್ಪವಾಗಿ ಅಥವಾ ಅಂಕುಡೊಂಕಾಗಿ, ಕಾಂಟ್ರಾಸ್ಟ್ ಹೀರಿಕೊಂಡಿರುತ್ತದೆ. ಇವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ನಾಲ್ಕನೇ ಗುಂಪಿನಲ್ಲಿ ಒಳಗೆ ಗಟ್ಟಿ ಗಂಟೇ ಇರುತ್ತದೆ. ಇವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕ್ಯಾನ್ಸರ್. ಇವೆರಡನ್ನು ಯೂರಾಲಜಿಸ್ಟ್ ಹತ್ತಿರ ತಡಮಾಡದೆ ತೋರಿಸಬೇಕು.

ಒಂದರಿಂದ ನಾಲ್ಕರವರೆಗೆ ಎಲ್ಲಿಯೂ ಸಿಸ್ಟಿನ ಗಾತ್ರದ ಮಾತು ಬರಲಿಲ್ಲ, ಗಮನಿಸಿದಿರಾ? 9 ಸೆಂಟಿಮೀಟರಿನ ಒಂದನೇ ಗುಂಪಿನ ಸಿಸ್ಟ್ ನಿರಪಾಯಕಾರಿ. 2 ಸೆಂಟಿಮೀಟರಿನ ನಾಲ್ಕನೇ ಗುಂಪಿನದು ಅಪಾಯಕಾರಿ. ‘ಅವರಿಗೆ ಚಿಕ್ಕದಂತೆ, ಪರವಾಗಿಲ್ಲವಂತೆ’ ಎಂದು ಒಬ್ಬರ ರಿಪೋರ್ಟನ್ನು ಇನ್ನೊಬ್ಬರದರ ಜೊತೆ ಮಿಲಿಮೀಟರ್ ಲೆಕ್ಕದಲ್ಲಿ ಹೋಲಿಸುವುದು ಇದಕ್ಕಾಗಿಯೇ ತಪ್ಪು. ಸಾದಾ ಸಿಸ್ಟ್ ದೊಡ್ಡದಾಗುತ್ತಾ ಹೋಗಿ ಒಂದು ದಿನ ಕ್ಯಾನ್ಸರ್ ಆಗಿಬಿಡುತ್ತದೆ ಎನ್ನುವ ಭಯಕ್ಕೂ ಆಧಾರವಿಲ್ಲ.

ಬೆಳೆಯುವುದಂತೂ ಬೆಳೆಯುತ್ತದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್. ಈ ವರ್ಷ 32, ಹೋದ ವರ್ಷ 30 ಇತ್ತು ಅಂದರೆ ಅದು ಬೆಳವಣಿಗೆಯೂ ಇರಬಹುದು, ಅಳೆದ ಕೋನದ ವ್ಯತ್ಯಾಸವೂ ಇರಬಹುದು. ಹಳೆಯ ರಿಪೋರ್ಟುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಒಳಗಿನ ರಚನೆ ಬದಲಾಗಿದೆಯಾ ಅಂತ ಹೋಲಿಸಿ ನೋಡುವುದಕ್ಕೆ ಅವು ಬೇಕಾಗುತ್ತವೆ.

ಸಾದಾ ಅಲ್ಲದ ಸಂದರ್ಭಗಳು

ಒಂದು, ಎರಡು, ಮೂರು ಸಿಸ್ಟ್‌ಗಳು ವಯಸ್ಸಾದವರಲ್ಲಿ ಸಾಮಾನ್ಯ. ಎರಡೂ ಕಿಡ್ನಿಗಳ ತುಂಬ ಸಿಸ್ಟ್‌ಗಳಿದ್ದು ಕಿಡ್ನಿಗಳೇ ದೊಡ್ಡದಾಗಿದ್ದರೆ ಅದು ಪೂರ್ತಿ ಬೇರೆ ಕಾಯಿಲೆ. ಪಾಲಿಸಿಸ್ಟಿಕ್ ಕಿಡ್ನಿ ಅನ್ನುತ್ತಾರೆ. ಇದು ವಂಶವಾಹಿಯಲ್ಲಿ ಬರುವಂಥದ್ದು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಚ್ಚಿನವರಲ್ಲಿ ಕಾರಣ ಪಿಕೆಡಿ-1 ಅಥವಾ ಪಿಕೆಡಿ-2 ಎಂಬ ಜೀನ್‌ಗಳಲ್ಲಿನ ದೋಷ. ಲಿವರ್‌ನಲ್ಲೂ ಸಿಸ್ಟ್‌ಗಳಿರಬಹುದು, ಚಿಕ್ಕ ವಯಸ್ಸಿಗೇ ಬಿಪಿ ಬರಬಹುದು, ಕೆಲವರಿಗೆ ಮೆದುಳಿನ ರಕ್ತನಾಳದಲ್ಲಿ ಉಬ್ಬು ಇರಬಹುದು. ಇವರಲ್ಲಿ ಹಲವರ ಕಿಡ್ನಿ ನಿಧಾನವಾಗಿ ಸೋಲುತ್ತದೆ.

ಹಾಗಾಗಿ ಸಿಸ್ಟ್ ಅಂದ ಕೂಡಲೇ ಡಾಕ್ಟರು ‘ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ, ಡಯಾಲಿಸಿಸ್ ಇತ್ತಾ?’ ಎಂದು ಕೇಳುವುದು ಮಾತಿಗಲ್ಲ. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮನೆತನದಲ್ಲಿ ಈ ಕಾಯಿಲೆ ಇದ್ದು, 15ರಿಂದ 39 ವರ್ಷದವರಿಗೆ ಅಲ್ಟ್ರಾಸೌಂಡಿನಲ್ಲಿ ಒಟ್ಟು ಮೂರು ಸಿಸ್ಟ್ ಕಂಡರೂ ರೋಗ ಇದೆ ಎಂದು ತೀರ್ಮಾನಿಸುತ್ತಾರೆ. 60 ದಾಟಿದವರಲ್ಲಿ ಹಾಗೆ ಹೇಳಬೇಕಾದರೆ ಪ್ರತಿ ಕಿಡ್ನಿಯಲ್ಲೂ ಕನಿಷ್ಠ ನಾಲ್ಕು ಬೇಕು. ಆ ವಯಸ್ಸಿಗೆ ಒಂದೆರಡು ಹೇಗಿದ್ದರೂ ಇರುತ್ತವೆ, ಅದಕ್ಕೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಒಂದೇ ಸಿಸ್ಟ್ ಕಂಡರೂ ಹಗುರವಾಗಿ ಬಿಡದೆ ವಿಚಾರಿಸುವುದು ಇದೇ ಕಾರಣಕ್ಕೆ. ವರ್ಷಗಟ್ಟಲೆ ಡಯಾಲಿಸಿಸ್ ಮೇಲಿರುವವರ ಕಿಡ್ನಿಗಳಲ್ಲೂ ಹೊಸದಾಗಿ ಸಿಸ್ಟ್‌ಗಳು ಹುಟ್ಟುತ್ತವೆ. ಅವರಲ್ಲಿ ಕಿಡ್ನಿ ಕ್ಯಾನ್ಸರ್ ಸಾಧ್ಯತೆ ಜಾಸ್ತಿ ಇರುವುದರಿಂದ ಅವರ ಲೆಕ್ಕವೇ ಬೇರೆ.

ಕಿಡ್ನಿಯ ನಡುಭಾಗದಲ್ಲಿ, ಮೂತ್ರ ಸೇರುವ ಜಾಗದ ಪಕ್ಕದಲ್ಲಿ ಬರುವ ಸಿಸ್ಟ್‌ಗಳಿಗೆ ಪ್ಯಾರಾಪೆಲ್ವಿಕ್ ಸಿಸ್ಟ್ ಎನ್ನುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಇವು ಕೆಲವೊಮ್ಮೆ ಮೂತ್ರ ಕಟ್ಟಿಕೊಂಡು ಕಿಡ್ನಿ ಊದಿಕೊಂಡ ಹಾಗೆ ಕಾಣುತ್ತವೆ. ‘ಕಿಡ್ನಿ ಊದಿದೆ, ಕಲ್ಲು ಮಾತ್ರ ಕಾಣಿಸುತ್ತಿಲ್ಲ’ ಅನ್ನುವ ರಿಪೋರ್ಟಿನ ಹಿಂದೆ ಒಮ್ಮೊಮ್ಮೆ ಇದಿರುತ್ತದೆ. ಕಾಂಟ್ರಾಸ್ಟ್ ಕೊಟ್ಟು ಸಿಟಿ ಮಾಡಿದರೆ ಗೊಂದಲ ಬಗೆಹರಿಯುತ್ತದೆ.

ತೊಂದರೆ ಕೊಟ್ಟಾಗ

ಸಾದಾ ಸಿಸ್ಟ್ ತೊಂದರೆ ಕೊಡುವುದು ಅಪರೂಪ, ಆದರೆ ಕೊಡುವುದೇ ಇಲ್ಲ ಎಂದಲ್ಲ. ತುಂಬ ದೊಡ್ಡದಾದರೆ ಪಕ್ಕೆಯಲ್ಲಿ ಭಾರ, ಮಂದ ನೋವು ಬರಬಹುದು. ಪೆಟ್ಟು ಬಿದ್ದಾಗ, ಇಲ್ಲವೇ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಒಳಗೆ ರಕ್ತ ಸೋರಿ ಇದ್ದಕ್ಕಿದ್ದಂತೆ ಜೋರು ನೋವು ಬರಬಹುದು. ಸೋಂಕು ತಗಲಿದರೆ ಚಳಿ ಜ್ವರ, ಪಕ್ಕೆ ನೋವು. ಅದಕ್ಕೆ ಆಂಟಿಬಯಾಟಿಕ್ ಬೇಕು, ಕೆಲವೊಮ್ಮೆ ಕೀವು ತೆಗೆಯಬೇಕಾಗುತ್ತದೆ. ಮೂತ್ರದ ದಾರಿಯನ್ನು ಒತ್ತಿ ತಡೆಯುವುದೂ, ರಕ್ತನಾಳ ಒತ್ತಿ ಬಿಪಿ ಏರಿಸುವುದೂ ಇದೆ, ಬಹಳ ಕಡಿಮೆ.

ಮೂತ್ರದಲ್ಲಿ ರಕ್ತ ಕಂಡರೆ ‘ಹೇಗೂ ಸಿಸ್ಟ್ ಇದೆಯಲ್ಲ, ಅದರಿಂದಲೇ’ ಎಂದು ದಯವಿಟ್ಟು ಸುಮ್ಮನಾಗಬೇಡಿ. ಮೂತ್ರದ ದಾರಿಗೆ ಸಂಪರ್ಕವೇ ಇಲ್ಲದ ಗುಳ್ಳೆಯಿಂದ ಮೂತ್ರಕ್ಕೆ ರಕ್ತ ಬರುವುದು ಅಪರೂಪ. ಕಲ್ಲು, ಸೋಂಕು, ಮೂತ್ರಚೀಲದ ಗಡ್ಡೆ ಇವನ್ನೆಲ್ಲ ಹುಡುಕಲೇಬೇಕು. ನೋವಿಲ್ಲದೆ ರಕ್ತ ಬಂದರಂತೂ ಒಂದು ದಿನವೂ ಮುಂದೂಡಬಾರದು.

ಬೆನ್ನುನೋವಿನ ವಿಚಾರದಲ್ಲಿ ಇದರ ಉಲ್ಟಾ ನಡೆಯುತ್ತದೆ. ಬೆನ್ನುನೋವು ಯಾರಿಗಿಲ್ಲ, ಅಲ್ವಾ? ಸ್ಕ್ಯಾನಿಂಗಿನಲ್ಲಿ 4 ಸೆಂಟಿಮೀಟರ್ ಸಿಸ್ಟ್ ಸಿಕ್ಕಿದ ಕೂಡಲೇ ಅಪರಾಧಿ ಸಿಕ್ಕಿಬಿಟ್ಟ ಅನ್ನಿಸುತ್ತದೆ. ನೋವು ಬರುತ್ತಿರುವುದು ಹೆಚ್ಚಾಗಿ ಸ್ನಾಯು, ಬೆನ್ನುಮೂಳೆಯಿಂದ. ಬಗ್ಗಿದಾಗ, ಎದ್ದಾಗ ಹೆಚ್ಚಾಗುವ ನೋವಂತೂ ಬಹುತೇಕ ಕಿಡ್ನಿಯದ್ದಲ್ಲ. ನಿಜಕ್ಕೂ ಅನುಮಾನವಿದ್ದರೆ ಯೂರಾಲಜಿಸ್ಟ್ ಮೊದಲು ಸೂಜಿಯಿಂದ ದ್ರವವನ್ನಷ್ಟೇ ತೆಗೆದು ನೋಡುವುದುಂಟು. ನೋವು ಹೋದರೆ ಸಿಸ್ಟೇ ಕಾರಣ. ಹೋಗದಿದ್ದರೆ ಆಪರೇಷನ್ ಮಾಡಿದರೂ ಹೋಗುವುದಿಲ್ಲ. ದೊಡ್ಡ ಚಿಕಿತ್ಸೆಗೆ ಒಪ್ಪುವ ಮುಂಚೆ ಈ ದಾರಿಯ ಬಗ್ಗೆ ಕೇಳಿ ನೋಡುವುದು ಒಳ್ಳೆಯದು.

ಬರೀ ದ್ರವ ತೆಗೆದರೆ ಸಾಲದು. ಒಳಗೋಡೆಯ ಜೀವಕೋಶಗಳು ಹಾಗೆಯೇ ಇರುವುದರಿಂದ ಗುಳ್ಳೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ದ್ರವ ತೆಗೆದ ಮೇಲೆ ಒಳಗೆ ಆಲ್ಕೊಹಾಲ್ ಅಥವಾ ಪೊಲಿಡೊಕೆನಾಲ್‌ನಂಥ ಔಷಧ ಹಾಕಿ, ದ್ರವ ಒಸರುವ ಆ ಪದರವನ್ನು ಸುಡುತ್ತಾರೆ. ಇದನ್ನು ಸ್ಕ್ಲೀರೋಥೆರಪಿ ಎನ್ನುತ್ತಾರೆ. ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಲ್ಲೇ ಮುಗಿಯುವ ಕೆಲಸ. ಸಿಸ್ಟಿಗೂ ಮೂತ್ರದ ದಾರಿಗೂ ಸಂಪರ್ಕ ಇಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಮಾತ್ರ ಮಾಡುತ್ತಾರೆ. ಇಲ್ಲದಿದ್ದರೆ ಔಷಧ ಅಲ್ಲಿಗೂ ಹರಿದು ಗಾಯ ಮಾಡುತ್ತದೆ. ತುಂಬ ದೊಡ್ಡವು, ಮತ್ತೆ ಮತ್ತೆ ಬರುವಂಥವಾದರೆ ಲ್ಯಾಪರೊಸ್ಕೋಪಿಯಲ್ಲಿ ಸಣ್ಣ ತೂತುಗಳ ಮೂಲಕ ಸಿಸ್ಟಿನ ಹೊರಗೋಡೆಯನ್ನು ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ದ್ರವ ಕಟ್ಟಿ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಕಿಡ್ನಿಯನ್ನು ಹಾಗೆಯೇ ಉಳಿಸುತ್ತಾರೆ.

ಸ್ಕ್ಲೀರೋಥೆರಪಿ ಮಾಡಿಸಿಕೊಂಡವರಿಗೆ ಒಂದು ವಿಷಯ ಮೊದಲೇ ತಿಳಿದಿರಲಿ. ಆದ ಕೆಲವು ವಾರಗಳಲ್ಲಿ ಸ್ಕ್ಯಾನಿಂಗ್ ಮಾಡಿದರೆ ಸಿಸ್ಟಿನಲ್ಲಿ ಮತ್ತೆ ದ್ರವ ಕಾಣಬಹುದು. ಔಷಧಕ್ಕೆ ಗೋಡೆ ಕೆರಳಿ ಒಸರಿದ ದ್ರವ ಅದು. ಚಿಕಿತ್ಸೆ ಫಲ ಕೊಡಲಿಲ್ಲ ಎಂದು ಆಗಲೇ ಅಂದುಕೊಳ್ಳಬೇಕಿಲ್ಲ. ಮುಂದಿನ ತಿಂಗಳುಗಳಲ್ಲಿ ಅದು ತಾನಾಗಿ ಹೀರಿಹೋಗಿ ಸಿಸ್ಟ್ ಕುಗ್ಗುತ್ತಾ ಬರುತ್ತದೆ.